ತಾಲ್ಲೂಕು ಒಡೆದಾಗ ದತ್ತಸಂಚಯ

ಹಲವು ಕಂಪನಿಗಳಿಗೆ ಒಂದೇ ಜಾಲ ತಂತ್ರಾಂಶ ಒದಗಿಸುವವರು ಕಂಪನಿಗೊಂದು ದತ್ತಸಂಚಯ ಇಡಬೇಕೇ, ಎಲ್ಲಕ್ಕೂ ಒಂದು ಸಾಕೇ? ನಮ್ಮ ‘ಭೂಮಿ’ ಯೋಜನೆಯನ್ನು ಈ ದೃಷ್ಟಿಯಿಂದ ನೋಡಬಹುದು. 2001ರ ಸುಮಾರಿಗೆ ಅದು ಜಾರಿಯಾದಾಗ ಕಡೂರಿನ ಪಹಣಿ ಕಡೂರಿನ ಗಣಕದಲ್ಲಿತ್ತು, ತರೀಕೆರೆಯದು ತರೀಕೆರೆಯಲ್ಲಿ. ದೂರಸಂಪರ್ಕ ನೆಚ್ಚಲಾಗದ ಆ ದಿನಗಳಿಗೆ ಇದು ಜಾಣತನವೇ. ಒಂದು ಕೆಟ್ಟರೆ ಇನ್ನೊಂದು ನಿಲ್ಲುತ್ತಿರಲಿಲ್ಲ. ಆದರೆ ತಾಲ್ಲೂಕಿನ ಗಡಿ ಬದಲಾಗದೆಂಬ ಊಹೆ ಅದರಲ್ಲಿ ಅಡಗಿತ್ತು. 2017ರ ರಾಜ್ಯ ಬಜೆಟ್ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಅದು ತರೀಕೆರೆಯಿಂದ ಬೇರೆಯಾಯಿತು.

ಒಂದೇ ಸರ್ವೆ ನಂಬರು ಊರೂರಿಗೂ ಇರುವುದರಿಂದ ಪಹಣಿ ಹುಡುಕಲು ತಾಲ್ಲೂಕು, ಹೋಬಳಿ, ಗ್ರಾಮ ಹೇಳಲೇಬೇಕು. ಅದು ಸರಿ. ದಾಖಲೆಯ ಗುರುತಿನೊಳಗೇ ತಾಲ್ಲೂಕನ್ನು ಹೆಣೆದರೆ ಮಾತ್ರ, ಹೊಲ ಇದ್ದಲ್ಲೇ ಇದ್ದರೂ ಗುರುತು ಬದಲಾಗಿ ಸಾಲದ ನಮೂದು, ಹಳೆಯ ಮ್ಯುಟೇಷನ್ನುಗಳ ಕೊಂಡಿ ಕಳಚಬಹುದು. ಗ್ರಾಮಕ್ಕೊಂದು ಬದಲಾಗದ ಸಂಖ್ಯೆ ಕೊಟ್ಟು, ತಾಲ್ಲೂಕನ್ನು (ಕಂಪನಿಯನ್ನೂ ಹಾಗೆಯೇ) ಬೇರೆ ಅಂಕಣದಲ್ಲಿಡುವುದು ಲೇಸು.