ಸೂಕ್ಷ್ಮ ಕಿವಿಯವರಿಗೆ ರ‍್ಯಾಪ್: ರಸಿಕರಿಗೊಂದು ಕೈಪಿಡಿ

ಚಾಮರಾಜಪೇಟೆಯ ರಾಮನವಮಿ ಕಚೇರಿಗಳಲ್ಲಿ ವರ್ಷವರ್ಷವೂ ಕುಳಿತು, ತಂಬೂರಿಯ ನಾದದಲ್ಲಿ ಕೂದಲೆಳೆಯಷ್ಟು ಶ್ರುತಿ ಸರಿದರೂ ಅರಿಯಬಲ್ಲಷ್ಟು ಕಿವಿಯನ್ನು ಹದಗೊಳಿಸಿಕೊಂಡವರು, ಮೊಮ್ಮಗನ ಕೋಣೆಯಿಂದ ಹೊರಬೀಳುವ ಹಿಪ್‌ಹಾಪ್ ಗೀತವೊಂದಕ್ಕೆ ಬೆಚ್ಚಿ ಎದೆಯ ಮೇಲೆ ಕೈಯಿಟ್ಟುಕೊಳ್ಳುವುದು ಅಸಹಜವೇನಲ್ಲ. ಇಂಥವರಿಗೆ ಈ ಕಲೆ ಸಲ್ಲದೆಂದು ಬಹುಮಂದಿ ತೀರ್ಮಾನಿಸಿಬಿಡುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ಸದ್ದಿಗೆ ಬೇಗ ನೋಯುವ ಕಿವಿಯೇ, ತಗ್ಗಿಸಿ ಕೇಳುವ ಕ್ರಮವೊಂದನ್ನು ಅಭ್ಯಾಸಮಾಡಿಕೊಂಡರೆ, ರ‍್ಯಾಪಿನ ಒಳಗುಟ್ಟನ್ನು ಎಲ್ಲರಿಗಿಂತ ಮೊದಲು ಹಿಡಿಯಬಲ್ಲುದು.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ಕೂಟದಲ್ಲಿ ಡಿಜೆ ಕೂಲ್ ಹರ್ಕ್ ಎಂಬಾತನು, ಧ್ವನಿಮುದ್ರಿಕೆಗಳಲ್ಲಿ ಹಾಡು ನಿಂತು ತಾಳವಾದ್ಯವೊಂದೇ ನುಡಿಯುವ ಚಿಕ್ಕ ಭಾಗವನ್ನು ಆಯ್ದು, ಎರಡು ತಟ್ಟೆಗಳ ನೆರವಿನಿಂದ ಅದನ್ನೇ ಮತ್ತೆ ಮತ್ತೆ ನುಡಿಸಿ ಹಿಗ್ಗಿಸಿದನೆಂಬುದು ಈ ಕಲೆಯ ಜನ್ಮವೃತ್ತಾಂತ. ತನಿ ಆವರ್ತನ ಆರಂಭವಾದೊಡನೆ ಕಾಫಿಗೆ ಏಳದೆ ಕುಳಿತಿರುವ ರಸಿಕನಿಗೆ ಈ ಹಿನ್ನೆಲೆ ಅಪರಿಚಿತವೆನಿಸಲಾರದು.

ಎದೆಗೆ ಗುದ್ದುವ ಆ ಮಂದ್ರಧ್ವನಿಯ ವಿಚಾರವನ್ನು ಮೊದಲು ತಿಳಿಯೋಣ. ಜಪಾನಿನ ರೋಲ್ಯಾಂಡ್ ಸಂಸ್ಥೆಯು 1980ರಲ್ಲಿ ಹೊರತಂದು ಕೆಲವೇ ವರ್ಷಗಳಲ್ಲಿ ತಯಾರಿಕೆಯನ್ನು ನಿಲ್ಲಿಸಿದ ಟಿಆರ್-808 ಎಂಬ ತಾಳಯಂತ್ರದ ದೀರ್ಘವಾದ ಗುಂಕಾರವೇ ಇದರ ಮೂಲ. ಮೃದಂಗದ ಎಡಮುಖಕ್ಕೆ ರವೆಯ ಮುದ್ದೆಯನ್ನು ಮೆತ್ತಿ ನಾದವನ್ನು ತಗ್ಗಿಸಿ ತುಂಬುಗೊಳಿಸುವಲ್ಲಿ ಯಾವ ರುಚಿ ಕೆಲಸಮಾಡುತ್ತದೆಯೋ ಇಲ್ಲಿಯೂ ಅದೇ ರುಚಿಯುಂಟು. ಆದರೆ ಮಂದ್ರಧ್ವನಿಗೆ ಗೋಡೆಗಳು ಅಡ್ಡಿಯಲ್ಲ. ಮಾತಿನ ವ್ಯಂಜನಗಳನ್ನು ತಡೆಯುವ ಇಟ್ಟಿಗೆಯೇ ಗುಂಕಾರವನ್ನು ದಾಟಿಸಿಬಿಡುವುದು. ಮಲ್ಲೇಶ್ವರದ ಒತ್ತೊತ್ತಾದ ಮನೆಗಳಲ್ಲಿ ಪಕ್ಕದವರು ಹಾಕಿದ ಹಾಡು ನಮ್ಮವರೆಗೆ ಬರುವಾಗ ಕವಿತೆಯೆಲ್ಲ ಅತ್ತಲೇ ಉಳಿದು ಗುದ್ದುಗಳು ಮಾತ್ರ ಇತ್ತ ಬರುತ್ತವೆ. ರ‍್ಯಾಪನ್ನು ದ್ವೇಷಿಸುವ ಎಷ್ಟೋ ಸಜ್ಜನರು ಈವರೆಗೆ ಕೇಳಿರುವುದು ಇಷ್ಟನ್ನೇ.

ಆದಕಾರಣ ಬಾಗಿಲ ಒಳಗೆ ಬಂದು ಕೇಳಬೇಕು, ಮತ್ತು ತಗ್ಗಿಸಿ ಕೇಳಬೇಕು. ಧ್ವನಿಯನ್ನು ಇಳಿಸುತ್ತ ಹೋದಂತೆ ಮನುಷ್ಯನ ಕಿವಿಗೆ ಮಂದ್ರಸ್ವರಗಳು ಉಳಿದವುಗಳಿಗಿಂತ ಬೇಗ ಮರೆಯಾಗುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿಕೊಟ್ಟರು. ಹೀಗೆ ಗುಂಕಾರವು ಹಿಂದೆ ಸರಿದ ಮೇಲೆ ಉಳಿಯುವುದು ಅಕ್ಷರಗಳ ಓಟ. ರ‍್ಯಾಪಿನ ನಿಜವಾದ ತೀವ್ರತೆ ಇರುವುದು ಅಲ್ಲಿ.

ಇದನ್ನು ಯಂತ್ರವೇ ಇಲ್ಲದೆ ಪರೀಕ್ಷಿಸಬಹುದು. ‘ಚಾಮರಾಜಪೇಟೆ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಗುರು ಲಘು, ಗುರು ಲಘು, ಗುರು ಲಘು: ಮೂರು ಮೂರು ಮಾತ್ರೆಯ ಮೂರು ಗಣಗಳು, ಒಟ್ಟು 9 ಮಾತ್ರೆಗಳು. ನಾಲ್ಕು ಮಾತ್ರೆಗೊಂದರಂತೆ ಕೈತಟ್ಟುತ್ತ, ಎಲ್ಲಿಯೂ ನಿಲ್ಲಿಸದೆ, ಈ ಹೆಸರನ್ನು ಪಿಸುದನಿಯಲ್ಲಿ ಹೇಳುತ್ತ ಹೋಗಿ. ಮೊದಲ ‘ಚಾ’ ತಟ್ಟಿನ ಮೇಲೆ ಬೀಳುತ್ತದೆ. ಎರಡನೆಯದು ತಪ್ಪುತ್ತದೆ, ಮೂರನೆಯದೂ ನಾಲ್ಕನೆಯದೂ ತಪ್ಪುತ್ತವೆ. 36 ಮಾತ್ರೆಗಳು ಕಳೆದು ಐದನೆಯ ‘ಚಾ’ ಹತ್ತನೆಯ ತಟ್ಟನ್ನು ಬಂದು ಸೇರಿದಾಗ, ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ತಾನಾಗಿ ಸಡಿಲವಾಗುವುದು. ಪಕ್ಕದಲ್ಲಿ ಕುಳಿತವರಿಗೂ ಕೇಳಿಸದ ಆ ಪಿಸುಮಾತಿನಲ್ಲಿ ಉಂಟಾದ ಬಿಗುವೇ, ಒಳ್ಳೆಯ ರ‍್ಯಾಪರನು ತಾಳವನ್ನು ತಪ್ಪಿಸಿ ತಪ್ಪಿಸಿ ಕೊನೆಗೆ ಹಿಡಿಯುವಾಗ ಕೇಳುಗನಲ್ಲಿ ಹುಟ್ಟಿಸುವ ಬಿಗುವು. ಕೊನ್ನಕೋಲು ಕೇಳಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಳಿಕ ಪ್ರಾಸದ ಕಡೆಗೆ ಗಮನವಿಡಬೇಕು. ನಮ್ಮ ಹಳೆಯ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನಿಟ್ಟರು. ರ‍್ಯಾಪು ಸಾಮಾನ್ಯವಾಗಿ ಅದನ್ನು ಸಾಲಿನ ತುದಿಯಲ್ಲಿಡುತ್ತದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದಲೂ ಅದರ ಪ್ರತ್ಯಯಗಳು ಒಂದೇ ಬಗೆಯವಾದುದರಿಂದಲೂ ಅಂತ್ಯಪ್ರಾಸವು ಕೇಳದೆಯೇ ಒದಗಿಬರುವ ಸಂಪತ್ತು. ಅದರಿಂದ ಮಾತ್ರ ತೃಪ್ತನಾದವನನ್ನು ನಾನು ದೊಡ್ಡ ಕಲಾವಿದನೆನ್ನಲಾರೆ. ಆಲ್ ಓಕೆ, ಎಂ.ಸಿ. ಬಿಜ್ಜು ಮೊದಲಾದವರ ಕನ್ನಡ ರ‍್ಯಾಪನ್ನು ಕೇಳುವಾಗ ಸಾಲಿನ ನಡುವೆ ಹುದುಗಿದ ಅನುಪ್ರಾಸವನ್ನೂ, ಒತ್ತಕ್ಷರದ ಹಿಂದೆ ಧ್ವನಿ ಕ್ಷಣಕಾಲ ತಂಗಿ ಮುಂದಕ್ಕೆ ಚಿಮ್ಮುವುದನ್ನೂ ಹುಡುಕುವುದೇ ರಸಿಕನ ಕೆಲಸ.

ಹಾಗಾದರೆ ಅಷ್ಟು ಗಟ್ಟಿಯಾಗಿ ಏಕೆ ನುಡಿಸಬೇಕೆಂದು ಕೇಳಬಹುದು. ಪಿಟೀಲು ಚೌಡಯ್ಯನವರು ಧ್ವನಿವರ್ಧಕವಿಲ್ಲದ ಕಾಲದಲ್ಲಿ ತಮ್ಮ ವಾದ್ಯಕ್ಕೆ ಏಳು ತಂತಿಗಳನ್ನು ಕಟ್ಟಿದುದು ಸಭೆಯ ಹಿಂದಿನ ಸಾಲಿಗೂ ನಾದ ತಲುಪಬೇಕೆಂಬ ಹಂಬಲದಿಂದ. ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲಿ ನಿಂತಿರುವ ಅವರ ಸ್ಮಾರಕ ಭವನವನ್ನು ಕಂಡಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಗಟ್ಟಿತನವು ಸಭೆಯ ಅಗತ್ಯ. ಮನೆಯಲ್ಲಿ ಒಬ್ಬರೇ ಕೇಳುವಾಗ ಅದನ್ನು ಕೈಬಿಟ್ಟರೆ ಕೃತಿಗೆ ಅಪಚಾರವಾಗದು.

ಆರಂಭಕ್ಕೆ ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ಹೊರತಂದ ‘ಆತ್ಮ ರಾಮ’ ಯೋಗ್ಯವಾದುದು. ಇಂಗ್ಲಿಷಿನ ದಟ್ಟವಾದ ನುಡಿಗಳ ನಡುವೆ ಭಜನೆಯ ಮನೆಗಳಿಗೆ ಚಿರಪರಿಚಿತವಾದ ರಾಮನಾಮದ ಪಲ್ಲವಿ ಬಂದಾಗಲೆಲ್ಲ ಅಕ್ಷರಗಳು ವಿರಳವಾಗಿ ಕಿವಿಗೆ ವಿಶ್ರಾಂತಿ ದೊರೆಯುತ್ತದೆ. ಸಾಹಿತ್ಯವನ್ನು ಮೊದಲೇ ಓದಿಕೊಂಡರೆ ಮುಂದೇನು ಬರುವುದೆಂಬ ಆತಂಕವೂ ಅರ್ಧಕ್ಕಿಳಿಯುವುದು. ಕೇರಳದಲ್ಲಿ ಹುಟ್ಟಿ ಬೆಂಗಳೂರಿನ ವೇದಿಕೆಗಳಲ್ಲಿ ಬೆಳೆದ ಹನುಮಾನ್‌ಕೈಂಡ್ 2024ರಲ್ಲಿ ನೀಡಿದ ‘ಬಿಗ್ ಡಾಗ್ಸ್’ ಅನ್ನು ಆಮೇಲೆ ಕೇಳಿ; ಜಾತ್ರೆಯ ಸಾವಿನ ಬಾವಿಯಲ್ಲಿ ಬೈಕುಗಳು ಸುತ್ತುವ ಅದರ ದೃಶ್ಯಗಳನ್ನು ಸದ್ಯಕ್ಕೆ ಬದಿಗಿಟ್ಟು, ಕಲ್ಮಿ ರಚಿಸಿದ ಮಂದ್ರನಾದದ ಮೇಲೆ ಆ ಕಂಠವು ಕಿರುಚದೆಯೇ ಹೇಗೆ ಭಾರವಾಗುತ್ತದೆಂಬುದನ್ನು ಗಮನಿಸಿ.

ಕುಕ್ಕರಿನ ಸೀಟಿ, ಸ್ಟೀಲು ಪಾತ್ರೆಯ ಸದ್ದುಗಳಂಥ ನಿತ್ಯದ ಶಬ್ದಗಳೇ ನೋವುಂಟುಮಾಡುವುದಾದರೆ ಅದು ರಸಾಸ್ವಾದದ ಪ್ರಶ್ನೆಯಲ್ಲ, ಶ್ರವಣತಜ್ಞರನ್ನು ಕಾಣಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಿಶ್ಶಬ್ದದಲ್ಲಿಯೂ ಸದಾ ಕಿವಿಗೆ ಬೆಣೆಯಿಟ್ಟುಕೊಂಡಿರುವುದು ಮಾತ್ರ ಹಿತವಲ್ಲ. ಅದರಿಂದ ಸೂಕ್ಷ್ಮತೆ ಇನ್ನೂ ಏರುವ ಸಂಭವವುಂಟು. ಮೇಳದ ವೇದಿಕೆಗೆ ಹೋಗುವ ಧೈರ್ಯ ಬಂದ ದಿನ ಬೆಣೆಗಳನ್ನು ಧರಿಸಿ, ದೊಡ್ಡ ಸ್ಪೀಕರುಗಳಿಂದ ದೂರವಾಗಿ, ಹೊರಬಾಗಿಲಿಗೆ ಹತ್ತಿರದ ಜಾಗವನ್ನು ಹಿಡಿಯಿರಿ. ಎರಡು ಹಾಡಿಗೊಮ್ಮೆ ಹೊರಗೆ ನಿಂತು ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90ಕ್ಕೆ ಆ ಅವಧಿ 4 ಗಂಟೆಗೆ ಇಳಿಯುತ್ತದೆ. ಜತೆಗೆ ಬಂದ ಮೊಮ್ಮಗನ ಕಿವಿಗೂ ಈ ಲೆಕ್ಕ ಅನ್ವಯಿಸುತ್ತದೆಯಾದ್ದರಿಂದ ಅವನನ್ನೂ ಹೊರಗೆ ಕರೆದುಕೊಂಡು ಬನ್ನಿ.