ಮೂಳೆಗಳಲ್ಲಿ ಯುದ್ಧ ಕಂಡ ಬ್ರಿಗೇಡಿಯರ್

1913ರಲ್ಲಿ ಇಂಗ್ಲೆಂಡಿನ ರಾಕ್ಸೆಟರ್ ಎಂಬಲ್ಲಿ ರೋಮನ್ ಪಟ್ಟಣವೊಂದರ ಉತ್ಖನನದಲ್ಲಿ ಐವರು ವಿಶ್ವವಿದ್ಯಾಲಯದ ಹುಡುಗರು ಒಟ್ಟಿಗೆ ಕೆಲಸ ಮಾಡಿದ್ದರು. ಮೊದಲ ಮಹಾಯುದ್ಧ ಮುಗಿದಾಗ ಅವರಲ್ಲಿ ಬದುಕಿದ್ದವರು ಒಬ್ಬರೇ: ಮಾರ್ಟಿಮರ್ ವೀಲರ್. ಅವರ ಆತ್ಮಕಥನ ‘ಸ್ಟಿಲ್ ಡಿಗ್ಗಿಂಗ್’ (1955) ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು. ಪುಸ್ತಕದ ಧಾಟಿ ಲವಲವಿಕೆಯದು. ಸೈನ್ಯ ಮತ್ತು ಉತ್ಖನನ ಅದರಲ್ಲಿ ಒಂದೇ ಸಾಹಸದ ಎರಡು ಅಧ್ಯಾಯಗಳಂತೆ ಬರುತ್ತವೆ. ಆ ಎರಡರ ನಂಟು ಲೇಖಕರು ಒಪ್ಪಿಕೊಂಡದ್ದಕ್ಕಿಂತ ಆಳವಾದದ್ದು ಎಂಬುದೇ ನನ್ನ ತಕರಾರು.

ಸೈನ್ಯದಿಂದ ಅವರು ತಂದ ಶಿಸ್ತು ದೊಡ್ಡದು. ಎಲ್ ಅಲಮೀನ್ ಯುದ್ಧ ಕಂಡು ಬಂದ ಈ ಬ್ರಿಗೇಡಿಯರ್ 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. ತಕ್ಷಶಿಲೆಯಲ್ಲಿ ತರುಣರಿಗೆ ತರಬೇತಿ ಕೊಟ್ಟರು. ಚೌಕಚೌಕವಾಗಿ ಅಗೆಯುವುದು, ನಡುವೆ ಮಣ್ಣಿನ ಗೋಡೆ ಉಳಿಸಿ ಅದರಲ್ಲಿ ಪದರಗಳನ್ನು ಓದುವುದು ಅವರ ಪದ್ಧತಿ. 1947ರಲ್ಲಿ ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ನಯಗೊಳಿಸಿದ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಆಂಧ್ರ-ಸಾತವಾಹನರ ಕಾಲ ಎಂಬ ಅನುಕ್ರಮ ಸಿಕ್ಕಿದ್ದು ಹೀಗೆ. ಅವರು ಕೊಟ್ಟ ಕಾಲವನ್ನು ಮುಂದಿನವರು ಬಹಳ ಹಿಂದಕ್ಕೆ ಸರಿಸಿದರು, ಅನುಕ್ರಮ ನಿಂತಿತು.

ಆದರೆ ಅಸ್ಥಿಪಂಜರ ಎದುರಾದಾಗ ಒಳಗಿನ ಸೈನಿಕ ಮಾತಾಡತೊಡಗುತ್ತಾನೆ. 1930ರ ದಶಕದಲ್ಲಿ ಮೇಡನ್ ಕ್ಯಾಸಲ್ ಕೋಟೆಯಲ್ಲಿ ಗಾಯಗೊಂಡ ಅಸ್ಥಿಗಳು ಸಿಕ್ಕವು. ವೀಲರ್ ಅಲ್ಲಿ ರೋಮನ್ ದಾಳಿಯ ಒಂದೇ ಘೋರ ದಿನವನ್ನು ಕಂಡರು. ಗಾಯಗಳು ನಿಜವೇ, ಆದರೆ ಆ ಸಾವುಗಳು ಒಂದೇ ದಿನದವಲ್ಲ ಎನ್ನುತ್ತದೆ ಈಚಿನ ಕಾಲನಿರ್ಣಯ. ಮೊಹೆಂಜೊದಾರೊದಲ್ಲಿ ಇತರರು ಮೊದಲೇ ಅಗೆದು ತೆಗೆದಿದ್ದ ಮೂವತ್ತೇಳರಷ್ಟು ಅಸ್ಥಿಪಂಜರಗಳಲ್ಲೂ ಅವರಿಗೆ ಕೊನೆಯ ಕಗ್ಗೊಲೆ ಕಂಡಿತು. ಋಗ್ವೇದದ ಪುರಂದರನನ್ನು ಆರೋಪಿಯ ಕಟಕಟೆಗೆ ತಂದು ನಿಲ್ಲಿಸಿದರು.

1964ರಲ್ಲಿ ಜಾರ್ಜ್ ಡೇಲ್ಸ್ ಈ ಕಥೆಯನ್ನು ಬಿಡಿಸಿದರು. ಅಸ್ಥಿಗಳು ಒಂದೇ ಪದರದವಲ್ಲ. ಕಾದಾಟ ನಡೆಯಬೇಕಾಗಿದ್ದ ಕೋಟೆಭಾಗದಲ್ಲಿ ಒಂದೂ ಇಲ್ಲ. ಮುಂದೆ ವಿಧಿವಿಜ್ಞಾನದಲ್ಲೂ ಪಳಗಿದ್ದ ಮಾನವಶಾಸ್ತ್ರಜ್ಞ ಕೆನೆತ್ ಕೆನಡಿ ಮೂಳೆಗಳನ್ನೇ ಪರೀಕ್ಷಿಸಿದರು. ಸಾವಿನ ಹೊತ್ತಿನ ಆಯುಧದ ಗಾಯ ಬಹುತೇಕ ಯಾವುದರಲ್ಲೂ ಇರಲಿಲ್ಲ. ಗಾಯದ ಅಂಚು ಮಾಗಿದೆಯೇ ಎಂದು ನೋಡುವುದು ವಿಧಿವಿಜ್ಞಾನದ ಮೊದಲ ಪಾಠ. ಮಾಗಿದ್ದರೆ ಆತ ಪೆಟ್ಟು ತಿಂದ ಮೇಲೂ ಬದುಕಿದ್ದ ಎಂದರ್ಥ.

ವೀಲರರ ಕಥೆಯನ್ನು ಸೋಲಿಸಿದ್ದು ವೀಲರರೇ ಕಲಿಸಿದ ಪದರಗಳ ಓದು. ಹಾಗೆಂದು ಆರ್ಯರ ವಲಸೆಯ ಚರ್ಚೆ ಇದರಿಂದ ಮುಗಿಯುವುದಿಲ್ಲ, ಅದು ಬೇರೆಯೇ ಪ್ರಶ್ನೆ. ಮುಗಿಯುವುದು ಆ ಕಗ್ಗೊಲೆಯ ಚಿತ್ರ ಮಾತ್ರ. ಆದರೂ ಅದು ಶಾಲಾಪಾಠಗಳಲ್ಲಿ, ಭಾಷಣಗಳಲ್ಲಿ ಬಹುಕಾಲ ಬಾಳಿತು. ಒಬ್ಬರ ಮೇಲೊಬ್ಬರು ಹಗೆ ಸಾಧಿಸಲು ಅದು ಎಷ್ಟೋ ಮಂದಿಗೆ ಒದಗಿಬಂತು.

ನಾಲ್ವರು ಗೆಳೆಯರನ್ನು ಯುದ್ಧಕ್ಕೆ ಕಳೆದುಕೊಂಡವರಿಗೆ ಸಾವೆಂದರೆ ಮೊದಲು ಯುದ್ಧವೇ ನೆನಪಾಗುವುದು ಸಹಜ. ಅದಕ್ಕೆ ಅವರನ್ನು ದೂರಲಾರೆ. ಆದರೆ ಆತ್ಮಕಥನವೆಂಬುದು ಆ ನೆನಪನ್ನೂ ಒಮ್ಮೆ ಅಗೆದು ನೋಡಬೇಕಾಗಿದ್ದ ಜಾಗ. ‘ಸ್ಟಿಲ್ ಡಿಗ್ಗಿಂಗ್’ ಅಗೆಯದೆ ಬಿಟ್ಟ ಪದರ ಅದೊಂದೇ.