ಎದೆಬಡಿತಕ್ಕೆ ಮಾತ್ರೆ ಸಿಕ್ಕಿತು, ಗಾಬರಿಗೆ?

“ಎದ ಡವಡವ ಅಂತದ, ಉಸ್ರು ಕಟ್ತದ, ಈಗ್ಲೇ ಜೀವ ಹೋಯ್ತದ ಅನ್ನುಸ್ತದ.” ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕ್ಲಿನಿಕ್ಕುಗಳಿಗೆ ಈ ಮಾತು ಹೊಸದಲ್ಲ. ವೈದ್ಯರು ಬಿ.ಪಿ. ನೋಡುತ್ತಾರೆ, ಇಸಿಜಿ ತೆಗೆಸುತ್ತಾರೆ. ಎರಡೂ ಸರಿಯಿದ್ದರೆ “ಏನೂ ಇಲ್ಲ, ಟೆನ್ಷನ್ ಅಷ್ಟೆ” ಎಂದು ಚೀಟಿ ಬರೆಯುತ್ತಾರೆ: ಗ್ಯಾಸ್ಟ್ರಿಕ್ಕಿಗೊಂದು, ಶಕ್ತಿಗೊಂದು, ಎದೆಬಡಿತಕ್ಕೊಂದು. ಆ ಮೂರನೆಯದು ಎಷ್ಟೋ ಸಲ ಪ್ರೊಪ್ರನೊಲಾಲ್, ಬೀಟಾ ಬ್ಲಾಕರ್ ಗುಂಪಿನ ಹಳೆಯ ಮಾತ್ರೆ. ಸಾಮಾನ್ಯ ಆತಂಕಕ್ಕೂ ಪ್ಯಾನಿಕ್ ಅಟ್ಯಾಕಿಗೂ ಇದನ್ನೇ ಬರೆಯುವ ರೂಢಿಯನ್ನು ತೂಗಿ ನೋಡಬೇಕಾಗಿದೆ.

ಮೊದಲು ಮಾತ್ರೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಇದನ್ನು ರೂಪಿಸಿದ್ದು ಎದೆನೋವಿನ ಹೃದ್ರೋಗಿಗಳಿಗಾಗಿ. 1988ರಲ್ಲಿ ಅವರಿಗೆ ನೊಬೆಲ್ ಬಂತು. ಹೆದರಿದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್, ಹೃದಯದ ಬೀಟಾ ಗ್ರಾಹಕಗಳಿಗೆ ಅಂಟಿಕೊಂಡು ಬಡಿತವನ್ನು ಏರಿಸುತ್ತದೆ. ಪ್ರೊಪ್ರನೊಲಾಲ್ ಆ ಜಾಗವನ್ನು ತಾನು ಹಿಡಿದು ಕೂರುತ್ತದೆ. ಬಡಿತ ಇಳಿಯುತ್ತದೆ, ಕೈನಡುಕ ನಿಲ್ಲುತ್ತದೆ. ನಿದ್ದೆ ಮಾತ್ರೆಗಳಂತೆ ಇದು ಚಟ ಹಿಡಿಸುವುದಿಲ್ಲ, ಮಂಕು ಕವಿಸುವುದೂ ಕಡಿಮೆ, ಬೆಲೆಯೂ ಅಗ್ಗ. ಮೈಗ್ರೇನ್ ಬಾರದಂತೆ ತಡೆಯಲು ಇಂದಿಗೂ ವೈದ್ಯರು ನಂಬುವ ಔಷಧಿ.

ಭಯ ಇಂಥ ದಿನ, ಇಂಥ ಗಂಟೆಗೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಈ ಮಾತ್ರೆ ನಿಜಕ್ಕೂ ಕೈಹಿಡಿಯುತ್ತದೆ. ಇದೇ ಗುಂಪಿನ ಆಕ್ಸ್‌ಪ್ರೆನೊಲಾಲ್ ವೇದಿಕೆ ಹತ್ತುವ ಸಂಗೀತಗಾರರ ಅಳುಕನ್ನು ತಗ್ಗಿಸುತ್ತದೆ ಎಂದು ‘ಲ್ಯಾನ್ಸೆಟ್’ ಪತ್ರಿಕೆಯ ಅಧ್ಯಯನವೊಂದು 1977ರಲ್ಲೇ ತೋರಿಸಿತ್ತು. ಕೈ ಅದುರದಂತೆ ಮಾಡುವ ಇದರ ಗುಣ ಎಷ್ಟು ಖಚಿತವೆಂದರೆ, ಶೂಟಿಂಗ್ ಮತ್ತು ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇದಕ್ಕೆ ನಿಷೇಧವಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಎರಡು ಪದಕ ಕಳೆದುಕೊಂಡದ್ದು ಪ್ರೊಪ್ರನೊಲಾಲ್ ಸಿಕ್ಕಿಬಿದ್ದ ಕಾರಣಕ್ಕೆ. ಹಾಗಾಗಿ ಮೌಖಿಕ ಪರೀಕ್ಷೆಗೆ ಹೋಗುವ ಯುವತಿಗೋ ಮೊದಲ ಸಲ ಮೈಕಿನ ಮುಂದೆ ನಿಲ್ಲುವ ಹುಡುಗನಿಗೋ ವೈದ್ಯರು ಪರೀಕ್ಷಿಸಿ ಒಂದು ಸಣ್ಣ ಮಾತ್ರೆ ಕೊಟ್ಟರೆ ನನ್ನ ತಕರಾರಿಲ್ಲ.

ಪ್ಯಾನಿಕ್‌ನ ಲೆಕ್ಕವೇ ಬೇರೆ. ಅದು ಹೇಳಿ ಕೇಳಿ ಬರುವುದಿಲ್ಲ. ಕೇರಳದ ದಾರಿಯ ಮದ್ದೂರು ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸಿಕೊಂಡ ಚಾಲಕನೊಬ್ಬನನ್ನು ಊಹಿಸಿಕೊಳ್ಳಿ. ಮುಂದಿನ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಮಲಗಿದ್ದವನಿಗೆ ಏಕಾಏಕಿ ಎದೆ ಹೊಡೆದುಕೊಳ್ಳುತ್ತದೆ, ಬೆರಳು ಜುಮ್ಮೆನ್ನುತ್ತವೆ, ಅಂಗೈ ಬೆವರುತ್ತದೆ. ಜೇಬಿನಲ್ಲಿದ್ದ ಮಾತ್ರೆ ನುಂಗುತ್ತಾನೆ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಅರ್ಧ ಗಂಟೆಯ ಹೊತ್ತಿಗೆ ತಾನೇ ಇಳಿಯುತ್ತದೆ. ಮಾತ್ರೆಯ ಶಕ್ತಿ ರಕ್ತದಲ್ಲಿ ಪೂರ್ತಿ ಏರಲು ಒಂದೆರಡು ಗಂಟೆ ಬೇಕು. ಅಂದರೆ ಅವನ ಎದೆ ತಣ್ಣಗಾದಾಗ ಮಾತ್ರೆ ಇನ್ನೂ ಪೂರ್ತಿ ಕೆಲಸಕ್ಕೆ ಇಳಿದಿರಲಿಲ್ಲ. ಆದರೂ ಅವನು ಉಳಿದದ್ದು ಮಾತ್ರೆಯಿಂದ ಎಂದೇ ನಂಬುತ್ತಾನೆ. ಮಾರನೆಯ ದಿನದಿಂದ ಜೇಬಿನಲ್ಲಿ ಮಾತ್ರೆಯಿಲ್ಲದೆ ಲಾರಿ ಹತ್ತುವ ಧೈರ್ಯ ಇರುವುದಿಲ್ಲ. ಪ್ಯಾನಿಕ್ ತಾನಾಗಿ ಇಳಿಯುತ್ತದೆ, ಕೊಲ್ಲುವುದಿಲ್ಲ ಎಂಬ ಒಂದೇ ಪಾಠವನ್ನು ಕಲಿಯುವ ಅವಕಾಶ ಅವನಿಗೆ ತಪ್ಪಿಹೋಗುತ್ತದೆ.

ದಿನವೂ ತೆಗೆದುಕೊಂಡರೆ? ಬಡಿತವೇನೋ ಹದಕ್ಕೆ ಬರುತ್ತದೆ, ಆದರೆ “ಮತ್ತೆ ಬಂದರೆ ಏನು ಗತಿ” ಎಂಬ ದಿಗಿಲು ಹಾಗೇ ಉಳಿಯುತ್ತದೆ. ಆತಂಕದ ಕಾಯಿಲೆಗಳಿಗೆ ಪ್ರೊಪ್ರನೊಲಾಲ್ ಬಳಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2016ರ ವಿಮರ್ಶೆಯೊಂದು, ಇದನ್ನು ದಿನನಿತ್ಯದ ಚಿಕಿತ್ಸೆಯಾಗಿ ಒಪ್ಪಲು ಸಾಕಷ್ಟು ಆಧಾರವಿಲ್ಲ ಎಂದಿತು. ಬ್ರಿಟನ್ನಿನ ‘ನೈಸ್’ ಮಾರ್ಗಸೂಚಿ ಪ್ಯಾನಿಕ್‌ಗೆ ಮುಂದಿಡುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ಮತ್ತು ಎಸ್ಎಸ್ಆರ್‌ಐ ಗುಂಪಿನ ಔಷಧಿಗಳನ್ನು.

ಹಾಗಿದ್ದೂ ನಮ್ಮಲ್ಲಿ ಈ ರೂಢಿ ಯಾಕೆ ಬೇರೂರಿತು? ಈ ಸೀಮೆಯ ಎದೆಯಲ್ಲಿ ಭಯ ಕೂರಲು ಕಾರಣಗಳಿವೆ. 2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತರು. ಉಸಿರು ಕಟ್ಟುವುದೆಂದರೇನು ಎಂದು ಊರಿಗೆ ಊರೇ ಕೇಳಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 29ರಂದು 46ರ ಪ್ರಾಯದ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದರು. ಅವರ ತಂದೆಯ ಬೇರುಗಳಿರುವ ಈ ಸೀಮೆಗೆ ಅದು ಮನೆಯ ಸಾವು. 2025ರ ಜನವರಿಯಲ್ಲಿ ಚಾಮರಾಜನಗರದ ಶಾಲೆಯೊಂದರಲ್ಲಿ ಮೂರನೇ ತರಗತಿಯ ಬಾಲಕಿ ಕುಸಿದು ತೀರಿಕೊಂಡಳು. ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ ಅಲ್ಲಿಗೆ ಹೋಗುವುದಕ್ಕಿಂತ ಪಕ್ಕದ ಮೆಡಿಕಲ್ ಸ್ಟೋರಿನ ಮಾತ್ರೆಯೇ ಸಲೀಸು. ನೂರು ರೋಗಿಗಳನ್ನು ನೋಡಬೇಕಾದ ವೈದ್ಯರಿಗೂ ಅದೇ ಸಲೀಸು. ಇಬ್ಬರನ್ನೂ ದೂರಲು ನನಗೆ ಮನಸ್ಸಿಲ್ಲ.

ಆದರೆ ಈ ಸಲೀಸಿನಲ್ಲಿ ಅಪಾಯ ಅಡಗಿದೆ. ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಶ್ವಾಸನಾಳವನ್ನು ಬಿಗಿದು ಜೀವಕ್ಕೇ ಎರವಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಎಚ್ಚರಿಸುವ ಎದೆಬಡಿತ, ನಡುಕಗಳನ್ನೇ ಇದು ಮುಚ್ಚಿಹಾಕುತ್ತದೆ. ಹೃದಯದ ಬಡಿತ ಮೊದಲೇ ನಿಧಾನವಿದ್ದವರಿಗೆ ಕೂಡದು. ಥೈರಾಯ್ಡ್ ಹೆಚ್ಚಾಗಿ ಎದೆ ಹೊಡೆದುಕೊಳ್ಳುತ್ತಿದ್ದರೆ ಲಕ್ಷಣ ತಗ್ಗಿ, ಮೂಲ ಕಾಯಿಲೆ ಪತ್ತೆಯಾಗದೆ ಉಳಿಯುತ್ತದೆ. ಬಹಳ ದಿನ ನುಂಗಿ ದಿಢೀರನೆ ಬಿಟ್ಟರೆ, ಹೃದ್ರೋಗವಿದ್ದವರಲ್ಲಿ ವಿಶೇಷವಾಗಿ, ಬಡಿತ ತಿರುಗಿ ಏರುತ್ತದೆ. ಮಿತಿಮೀರಿ ನುಂಗಿದರೆ ಅತಿ ಬೇಗ ಪ್ರಾಣ ತೆಗೆಯಬಲ್ಲದು. ಈ ಅಪಾಯ ಎಷ್ಟೋ ವೈದ್ಯರ ಗಮನಕ್ಕೇ ಬಂದಿಲ್ಲವೆಂದು ಬ್ರಿಟನ್ನಿನ ಆರೋಗ್ಯ ಸುರಕ್ಷತಾ ತನಿಖಾ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಆತಂಕದ ಜತೆಗೆ ಖಿನ್ನತೆಯೂ ಇರುವ ಮನೆಯಲ್ಲಿ ಇದರ ದೊಡ್ಡ ಡಬ್ಬಿ ಇರಕೂಡದು. ಎಟಿಜೋಲಾಮ್‌ನಂಥ ಔಷಧಿಯ ಜತೆ ಬೆರೆಸಿದ ಮಾತ್ರೆಗಳೂ ನಮ್ಮ ಮಾರುಕಟ್ಟೆಯಲ್ಲಿವೆ. ಪ್ರೊಪ್ರನೊಲಾಲ್‌ಗೆ ಇಲ್ಲದ ಚಟ ಹಿಡಿಸುವ ಗುಣ ಆ ಬೆರಕೆಗೆ ಇದೆ.

ಇಷ್ಟಾದರೂ ನನ್ನ ಮುಖ್ಯ ಆಕ್ಷೇಪ ಮಾತ್ರೆಯ ಮೇಲಲ್ಲ, ಅದರ ಜತೆ ಬರುವ “ಏನೂ ಇಲ್ಲ” ಎಂಬ ಮಾತಿನ ಮೇಲೆ. ಸಾವನ್ನು ಕಣ್ಣಾರೆ ಕಂಡಂತೆ ನಡುಗಿ ಬಂದವರಿಗೆ ಏನೂ ಇಲ್ಲ ಎಂದರೆ ಅವರು ನಂಬುವುದಿಲ್ಲ, ಇನ್ನೊಬ್ಬ ವೈದ್ಯರನ್ನು, ಇನ್ನೊಂದು ಇಸಿಜಿಯನ್ನು ಹುಡುಕುತ್ತಾರೆ. ಎದೆಬಡಿತವನ್ನೇ ಹೃದಯಾಘಾತವೆಂದು ತಪ್ಪಾಗಿ ಓದಿಕೊಳ್ಳುವುದೇ ಪ್ಯಾನಿಕ್‌ನ ಇಂಧನ ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಆ ತಪ್ಪು ಓದನ್ನು ತಿದ್ದುವುದೇ ಚಿಕಿತ್ಸೆಯ ತಿರುಳು. ವೈದ್ಯರಿಗೆ ಐದು ನಿಮಿಷ ಸಿಕ್ಕರೆ ನಮ್ಮ ಮಾತಿನಲ್ಲೇ ಹೀಗೆ ಹೇಳಬಹುದು:

“ನೋಡಮ್ಮ, ನಿನಗಾದದ್ದು ನಿಜ. ಅದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ಕಾಡಂಚಿನ ಹೊಲದಲ್ಲಿ ಅಟ್ಟಣೆ ಮೇಲೆ ಕಾಯುವವನು ಗಾಳಿಗೆ ಜೋಳ ಅಲ್ಲಾಡಿದರೂ ಆನೆ ಬಂತು ಅಂತ ಕೂಗಿಕೊಳ್ಳಲ್ವಾ? ನಿನ್ನ ಮಿದುಳು ಹಾಗೆ ಕೂಗಿದೆ, ಎದೆ ಓಡಿದೆ. ಹೃದಯ ಗಟ್ಟಿಯಾಗಿದೆ, ಇಸಿಜಿ ಇಲ್ಲಿದೆ. ಮತ್ತೆ ಬಂದರೆ ಓಡಬೇಡ, ಕೂತುಕೋ. ಉಸಿರನ್ನು ನಿಧಾನವಾಗಿ ಬಿಡು. ಏರಿದ್ದು ಇಳಿಯುತ್ತೆ. ಎರಡು ವಾರ ಬಿಟ್ಟು ಬಾ, ಕಡಿಮೆಯಾಗದಿದ್ದರೆ ಮನೋವೈದ್ಯರ ಹತ್ತಿರ ಕಳಿಸ್ತೀನಿ.”

ಬೀಟಾ ಬ್ಲಾಕರ್ ಮಾಡುವುದು ಕಾವಲುಗಾರನ ಬಾಯಿ ಕಟ್ಟುವ ಕೆಲಸ. ಬಂದದ್ದು ಗಾಳಿ, ಆನೆಯಲ್ಲ ಎಂದು ಅವನಿಗೆ ತಿಳಿಹೇಳುವ ಕೆಲಸ ಮಾತಿನಿಂದಲೇ ಆಗಬೇಕು.

ಹೃದಯಾಘಾತದ ವಿಷಯದಲ್ಲಿ ಸರ್ಕಾರ ಒಂದು ದಾರಿ ಕಟ್ಟಿದೆ. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ, ಬೇಕಾದವರಿಗೆ ದುಬಾರಿ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಇಸಿಜಿ ಸರಿಯಿದ್ದು ಗಾಬರಿ ಉಳಿದವರಿಗೂ ಇಂಥದೇ ದಾರಿ ಬೇಕು. ಸಲಕರಣೆ ಇಲ್ಲವೆಂದಲ್ಲ: ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ, ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬರ ಹಕ್ಕೆಂದು 2017ರ ಕಾಯ್ದೆ ಸಾರಿದೆ. ನಿಮ್ಹಾನ್ಸ್‌ನ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿಯುವವರ ಪ್ರಮಾಣ ಶೇ 70ರಿಂದ 92. ಸಾಮಾನ್ಯ ಇಸಿಜಿಯ ಚೀಟಿಯ ಮೇಲೆ “ಮಂಗಳವಾರ ಬನ್ನಿ” ಎಂಬ ಎರಡು ಪದ ಬರೆಯುವುದರಿಂದ ಈ ಕೊರತೆ ತುಂಬುವ ಕೆಲಸ ಶುರುವಾಗಬಹುದು.

ಓದುಗರಿಗೆ ಇಷ್ಟು ಹೇಳಬೇಕು. ಎದೆನೋವು, ಎದೆಬಡಿತ ಮೊದಲ ಸಲ ಬಂದರೆ ಗಾಬರಿಯೆಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಿಸಿ. ನೆರೆಯವರ ಮಾತ್ರೆ ನುಂಗಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ “ಹಾಗಾದರೆ ನನಗೆ ಆಗುತ್ತಿರುವುದು ಏನು?” ಎಂದು ಕೇಳಿ, ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳಬೇಡಿ. ನಡುರಾತ್ರಿ ಕೇಳುವವರು ಯಾರೂ ಇಲ್ಲವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.